ನೀರು ಹಿಡಿಯಿತು

"ತಡಿಯಪ್ಪ, ಸಗಣಿ ನೀರು ಉಯ್ದಿಲ್ಲ. ಮೋಟ್ರು ಸುಟ್ಟೋಯ್ತದೆ," ಎನ್ನುತ್ತ ಪುಟ್ಟಬಸಮ್ಮ ಸ್ವಿಚ್ಚಿಗೆ ಹೋದ ಅಂಗಡಿಯವನ ಕೈ ಹಿಡಿದುಬಿಟ್ಟಳು.

ನರಸೀಪುರದ ಪಂಪಿನ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಗಳ ಈಜಿಗೆಂದು ಹಿತ್ತಲಲ್ಲಿ ಕಟ್ಟಿಸಿದ ಕೊಳಕ್ಕೆ ಪಂಪು ಆರಿಸಲು ಶಿವರಾಜು ತಾಯಿಯನ್ನೂ ಕರೆತಂದಿದ್ದ. "ಇದು ತಾನೇ ನೀರು ಎಳ್ಕತದೆ ಕಣವ್ವ. ಕರೆಂಟೂ ಅರ್ಧಕ್ಕರ್ಧ ಉಳೀತದೆ."

"ನಂಗೆ ಅಳೇ ತರದ್ದೇ ಸರಿ," ಎಂದಳು ಅವಳು.

ಗದ್ದೆಯ ಹಳೆ ಪಂಪು ಅವಳಿಲ್ಲದೆ ನೀರೆತ್ತಿದ್ದೇ ಇಲ್ಲ. ಗಾಳಿ ಎಳೆಯದಂತೆ ಅವಳು ಅದರ ಬಾಯಿಗೆ ಸಗಣಿ ನೀರು ಸುರಿಯಬೇಕು, ಗಂಡ ಪೈಪಿಗೆ ಅಂಗೈ ಒತ್ತಿ ಕಾಯಬೇಕು. ಪೈಪು ತಣ್ಣಗಾದೊಡನೆ ಅವನು "ನೀರು ಇಡೀತು ಕಣಮ್ಮಿ" ಎನ್ನುತ್ತಿದ್ದ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅಷ್ಟನ್ನು ಹೇಳದೆ ಅವನಿಗೆ ವಿಧಿಯಿರಲಿಲ್ಲ. ಅವನು ತೀರಿಹೋಗಿ ಆರು ವರ್ಷವಾಗಿತ್ತು.

ಅಂಗಡಿಯವನು ತೊಟ್ಟಿಯ ನೀರಿಗೆ ಪೈಪು ಇಳಿಬಿಟ್ಟಿದ್ದ ಹೊಸ ಪಂಪಿನ ಸ್ವಿಚ್ ಒತ್ತಿದ. ಸದ್ದೇ ಇರಲಿಲ್ಲ. ಶಿವರಾಜು ಅಪ್ಪನ ಹಾಗೆಯೇ ಪೈಪಿಗೆ ಅಂಗೈ ಒತ್ತಿ, ಕತ್ತು ವಾಲಿಸಿ, ಗಳಿಗೆ ಹೊತ್ತು ಕಾದು ಹೇಳಿದ: "ನೀರು ಇಡೀತು ಕಣವ್ವ."

ಕಿವಿ ಚೆನ್ನಾಗಿಯೇ ಕೇಳುತ್ತಿದ್ದ ಪುಟ್ಟಬಸಮ್ಮ ಮಗನ ಹತ್ತಿರಕ್ಕೆ ಬಂದಳು.

"ಏನಂದೆ ಮಗ? ಇನ್ನೊಂದ್ಸಲ ಅನ್ನು."