ಹಾಳು ಗಾಳಿ

“ರೀ, ಹೂವನ್ನ ಹಿಡ್ಕೊಳ್ಳಿ ಅಂದ್ರೆ ಅದರ ಕತ್ತು ಹಿಸುಕ್ತೀರಲ್ಲ! ಮೆತ್ತಗೆ. ಎಡಗೈ ಬೇಡ, ನೆರಳು ಬೀಳುತ್ತೆ. ಬಲಗೈ ತನ್ನಿ.”

ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಹೆಂಡತಿ ಮಂಡಿಯೂರಿ ಕೂತಿದ್ದಳು. ಒಂದು ಕೈಯಲ್ಲಿ ಮೊಬೈಲು, ಅದರ ಕ್ಯಾಮೆರಾದ ಮುಂದೆ ಇನ್ನೊಂದು ಕೈಯಿಂದ ಒತ್ತಿ ಹಿಡಿದ ಪುಟ್ಟ ಭೂತಗನ್ನಡಿ. ಅದು ಗಂಡನದು. ಪೇಟೆಯವರೆಲ್ಲ ಗಡಿಯಾರದಣ್ಣ ಎಂದು ಕರೆಯುವ ಆತ, ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಕೂರಿಸುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಾಜು ಅದು. ಈಗ ದಾರಿಬದಿಯ ಕಾಡುಹೂಗಳನ್ನು ದೊಡ್ಡದು ಮಾಡಿ ತೋರಿಸುವ ಪಾಡು ಅದಕ್ಕೆ ಬಂದಿತ್ತು. ಕೇಳಿದರೆ, “ಡ್ರಾಯರಲ್ಲಿ ಧೂಳು ತಿನ್ನೋದಕ್ಕಿಂತ ವಾಸಿ ಅಲ್ವಾ?” ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಅವನ ಬಲಗೈ ಕೈಕೊಟ್ಟಿತ್ತು. ನಡಿಗೆ ಸರಿಹೋಯಿತು, ಮಾತೂ ಸರಿಹೋಯಿತು. ಬೆರಳುಗಳು ಮಾತ್ರ ನಡುಗುವುದನ್ನು ಬಿಡಲಿಲ್ಲ. ಹಿಸುಕಿ ಹಿಸುಕಿ ವ್ಯಾಯಾಮ ಮಾಡಲೆಂದು ಡಾಕ್ಟರು ಕೊಟ್ಟ ರಬ್ಬರು ಚೆಂಡನ್ನು “ನಾನೇನು ಎಳೆ ಮಗುನಾ?” ಎಂದು ಬೀರುವಿನ ಮೇಲಕ್ಕೆಸೆದ. ಅಂಗಡಿಯ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ ಹೆಂಡತಿಗೆ ಹೂವಿನ ಹುಚ್ಚು ಹತ್ತಿತು. ಜೀವಮಾನದಲ್ಲಿ ಒಂದು ಕುಂಡಕ್ಕೆ ನೀರು ಹಾಕದವಳು, ಬೆಳಗಾದರೆ ಸಾಕು, ಅವನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಸುಮ್ಮನೆ ಹೊರಟರೂ ಆಗುತ್ತಿರಲಿಲ್ಲ. ಗಾಳಿಗೆ ಹೂವು ಅಲ್ಲಾಡುತ್ತದೆಂದು ಅವನು ದಂಟು ಹಿಡಿದುಕೊಂಡಿರಬೇಕು. ಅಷ್ಟಾಗಿ ಫೋಟೋ ಬಂದರೆ ಬರೀ ಮಸುಕು. “ಅಮ್ಮಾ, ಇದು ಹೂವಾ, ಚೆಲ್ಲಿದ ಬಣ್ಣಾನಾ?” ಎಂದು ಮಗಳು ನಕ್ಕಿದ್ದಳು. “ಹಾಳು ಗಾಳಿ!” ಎಂದು ಇವಳು ಬೈದಿದ್ದಳು. ಇಷ್ಟು ಕೆಟ್ಟದಾಗಿ ಫೋಟೋ ತೆಗೆಯುವವರು ಪ್ರಪಂಚದಲ್ಲೇ ಇರಲಿಕ್ಕಿಲ್ಲ ಎಂದುಕೊಂಡ ಗಡಿಯಾರದಣ್ಣ ಅಂದಿನಿಂದ ಆ ಫೋಟೋಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಇವತ್ತಂತೂ ಅವನಿಗೆ ಯಾವ ಹೂವೂ ಬೇಕಿರಲಿಲ್ಲ. ಮಧ್ಯಾಹ್ನ ಮೊಬೈಲ್ ಕವರು ಮಾರುವವನು ಬಂದು ಅಂಗಡಿಯ ಬೀಗದ ಕೀ ತೆಗೆದುಕೊಂಡು ಹೋಗುವವನಿದ್ದ. ಅಂಗಡಿ ಬಿಟ್ಟುಕೊಡುತ್ತೇನೆಂದು ಮಾತು ಕೊಟ್ಟಿದ್ದು ತಾನೇ. ಆದರೂ ಬೆಳಗಿನಿಂದ ಆ ಕೀಯನ್ನು ಎರಡು ಸಲ ತೆಗೆದು ನೋಡಿದ್ದ.

“ಬೇಗ ಮುಗಿಸು. ಅವನು ಕೀ ಕೇಳ್ಕೊಂಡು ಬರ್ತಾನೆ.”

“ಬರ್ಲಿ ಬಿಡಿ. ಗಾಳಿ ನೋಡಿ ಹೇಗಿದೆ. ಅಲ್ಲಾಡದ ಹಾಗೆ ಹಿಡೀರಿ.”

ಅಂಗಿಯ ಗುಂಡಿಯಷ್ಟು ಅಗಲದ ಹಳದಿ ಹೂವು. ದಂಟು ನೂಲಿನಷ್ಟು ಸಣ್ಣ. ಹೆಬ್ಬೆರಳು, ತೋರುಬೆರಳ ನಡುವೆ ಅದನ್ನು ಹಿಡಿದು ಅವನು ಸುತ್ತ ನೋಡಿದ. ಹುಲ್ಲು ಮಿಸುಕುತ್ತಿರಲಿಲ್ಲ. ದೂರದ ಕಾರ್ಖಾನೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

“ಗಾಳಿ ಎಲ್ಲಿದೆಯೇ?”

ಹೆಂಡತಿ ಕೇಳಿಸದವಳಂತೆ ಮೊಬೈಲಿನಲ್ಲಿ ಮುಖ ಹುದುಗಿಸಿದಳು.

“ಕೊಡು ಇಲ್ಲಿ ಅದನ್ನ.”

ಅವನು ಫೋಟೋಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದ. ಈ ವಾರದ ಹಳದಿ ಹೂವು, ಎಸಳಿನ ಗೆರೆಗೆರೆಯೂ ಕಾಣುತ್ತಿತ್ತು. ಮಳೆಗಾಲದ ನೀಲಿ ಹೂವು, ಅಂಚಷ್ಟೇ ಮಸುಕು. ಬೇಸಿಗೆಯ ಬಿಳಿ ಹೂವು ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಚಳಿಗಾಲದ್ದು ಬರೀ ನೇರಳೆ ಕಲೆ. ಆದರೆ ಆ ಕಲೆಯ ಪಕ್ಕದಲ್ಲೇ ನಿಂತಿದ್ದ ಹುಲ್ಲಿನ ಎಸಳು ಮಾತ್ರ ಸ್ಪಷ್ಟವಾಗಿತ್ತು, ಅದರ ಮೇಲಿನ ಇಬ್ಬನಿ ಸಮೇತ. ಕೆಟ್ಟಿದ್ದೆಲ್ಲಿ ಎಂದು ಹುಡುಕುವುದೇ ಜೀವನವಾಗಿದ್ದವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕ್ಯಾಮೆರಾ ನಡುಗಿದ್ದರೆ ಹುಲ್ಲೂ ಮಸುಕಾಗಬೇಕಿತ್ತು. ಗಾಳಿ ಬೀಸಿದ್ದರೂ ಅಷ್ಟೇ. ನಡುಗಿದ್ದು ತಾನು ಹಿಡಿದಿದ್ದ ಹೂವೊಂದೇ. ಅದೂ ಕಾಲದಿಂದ ಕಾಲಕ್ಕೆ ಕಡಿಮೆಯಾಗುತ್ತ ಬಂದಿತ್ತು.

“ನಂಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಆ ಚೆಂಡಿನ ಜೊತೆ ಹೂವನ್ನೂ ಬೀರು ಮೇಲೆ ಎಸೀತಿದ್ರಿ.”

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕವರು ಮಾರುವವನು. “ಅಣ್ಣಾ, ಕೀ ತಗೊಳ್ಳೋಕೆ ಈಗ್ಲೇ ಬರ್ಲಾ?”

ಗಡಿಯಾರದಣ್ಣ ಎಡಗೈಯಲ್ಲಿ ಫೋನು ಹಿಡಿದುಕೊಂಡು ಬಲಗೈಯನ್ನು ನೋಡಿಕೊಂಡ. ಕೈಗಡಿಯಾರದ ತಿರುಪಿಗೆ ಇನ್ನೂ ಸಾಲದು. ಗೋಡೆ ಗಡಿಯಾರಗಳಿಂದ ಶುರುಮಾಡಬಹುದು. ಅಲಾರಂ ಗಡಿಯಾರವನ್ನೂ ನೋಡಬಹುದು.

“ಬೇಡಪ್ಪಾ. ಅಂಗಡಿ ಬಿಡಲ್ಲ ನಾನು. ಮಾತು ತಪ್ಪಿದೆ ಅಂತ ಬೇಜಾರು ಮಾಡ್ಕೋಬೇಡ, ಬೇರೆ ಜಾಗ ಹುಡುಕೋಕೆ ನಾನೂ ಬರ್ತೀನಿ. ಈಗ ಇಡ್ಲಾ? ಕೈಯಲ್ಲಿ ಕೆಲಸ ಇದೆ.”

ಫೋನು ಜೇಬಿಗಿಳಿಸಿ, ಹೆಂಡತಿಯ ಮೊಬೈಲನ್ನು ಅವಳಿಗೆ ಕೊಟ್ಟು, ಅವನು ಮತ್ತೆ ಹೂವಿನ ಪಕ್ಕ ಕೂತ. ಈ ಸಲ ಯಾರೂ ಹೇಳದೆ ಬಲಗೈ ಚಾಚಿದ. ದಂಟು ಬೆರಳುಗಳ ನಡುವೆ ನಿಂತಿತು.

“ಹೂಂ, ತೆಗಿ.”

ಕ್ಲಿಕ್ ಎಂದಿತು. ಅವನು ಬಗ್ಗಿ ನೋಡಿದ. ಹೂವು, ಹುಲ್ಲು, ಅವನ ಬೆರಳು, ಎಲ್ಲವೂ ಕಲಸಿಹೋಗಿದ್ದವು.

“ಇದೇನೇ, ಪೂರ್ತಿ ಮಸುಕು?”

ಹೂವು ಅವನ ಬೆರಳಲ್ಲಿ ಇನ್ನೂ ಅಲುಗದೆ ನಿಂತಿತ್ತು. ಹೆಂಡತಿ ಮೊಬೈಲು ಹಿಡಿದಿದ್ದ ಕೈಯಿಂದಲೇ ಕಣ್ಣೊರೆಸಿಕೊಂಡಳು.

“ಹಾಳು ಗಾಳಿ,” ಎಂದಳು.