ಅವ್ವನಿಂದ ನನ್ನ ಪಾಲಿಗೆ ಬಂದದ್ದು

ತೀರಿಕೊಂಡವರ ಅಭ್ಯಾಸಗಳು ಅವರ ದಿವಸದ ಕಾರ್ಯದ ದಿನ ಮನೆಯವರಿಗೆ ಹಂಚಿಕೆಯಾಗುತ್ತವೆ. ಇಂಥದ್ದೇ ಬೇಕೆಂದು ಯಾರೂ ಕೇಳುವಂತಿಲ್ಲ.

ನಮ್ಮವ್ವ ನೀಲವ್ವ ತೊಂಬತ್ತೆರಡು ವರ್ಷ ತುಂಬು ಬಾಳು ಬಾಳಿದವಳು; ಹಂಚಲು ಬೇಕಾದಷ್ಟಿತ್ತು. ಎಂದೂ ಒಲೆಯ ಹತ್ತಿರ ಸುಳಿಯದ ಅಣ್ಣ ಈರಪ್ಪ ಅಂದು ಮುಂಜಾನೆ ಎದ್ದವನೇ ರೊಟ್ಟಿ ಬಡಿಯತೊಡಗಿದ. ಒಂದರ ಅಂಚೂ ಸೀಳಲಿಲ್ಲ. ಅವನ ಮಗಳು ರೇಖಾ, ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಂತೆಯೇ, ತನ್ನ ವೇಲನ್ನು ಬಾಯಿಗಿಟ್ಟುಕೊಂಡು ನಕ್ಕಳು.

ಅವ್ವನಿಗೆ ನಾನೊಬ್ಬಳೇ ಮಗಳು. ಆ ರೊಟ್ಟಿಯ ಕೈ ನನಗೇ ಬರಬೇಕಿತ್ತು. ಸಂಜೆಯವರೆಗೆ ಕಾದರೂ ಏನೂ ಬರಲಿಲ್ಲ.

"ನನಗಷ್ಟ ಏನೂ ಕೊಡಲಿಲ್ಲ ನೋಡು ಆಕಿ," ಎಂದು ಸಿಟ್ಟಿನಿಂದ ಚೀಲ ಎತ್ತಿಕೊಂಡೆ. ಓಣಿಯಲ್ಲಿ ಆಟೋ ಕಾಯುತ್ತಿತ್ತು. "ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ. ಹೊಸ್ತಿಲ ಬಳಿ ಏನೋ ನೆನಪಾಯಿತು.

"ಅಲ್ಲಣ್ಣಾ, ಹಿತ್ತಲದಾಗಿನ ನುಗ್ಗಿಗಿಡ ಈ ಸಲ ಹೂ ಬಿಟ್ಟಿಲ್ಲೇನು?"

ಮಾತು ನುಗ್ಗೆಯಿಂದ ಕಾಕಾನ ಮೊಣಕಾಲಿಗೆ, ಅಲ್ಲಿಂದ ಎದುರುಮನೆಯ ಎಮ್ಮೆಗೆ ಹೋಯಿತು. ಆಟೋದವನು ಹಾರ್ನ್ ಹೊಡೆದ.

ಅಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ. "ರೇಖಾ, ಓಡಿ ಬಾ! ನಿಮ್ಮತ್ತಿ ಬರ್ತೀನಿ ಅಂದು ಅರ್ಧ ತಾಸಾತು! ಹೊಸ್ತಲದಾಗ ಹಿಂಗ ನಿಂತು ಮಾತಾಡಿ ನಮ್ಮವ್ವ ಎಷ್ಟು ಬಸ್ಸು ತಪ್ಪಿಸ್ಯಾಳೋ!"

ನೋಡಿಕೊಂಡೆ. ಅವ್ವ ನಿಲ್ಲುತ್ತಿದ್ದ ಹಾಗೆಯೇ, ನನ್ನ ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಕಣ್ಣು ತುಂಬಿ ಬಂತು.

ಮತ್ತೆ ಹಾರ್ನ್ ಕೇಳಿತು.

"ತಡೀಯೋ ತಮ್ಮಾ, ಬಂದೆ," ಎಂದು ಕೂಗಿ ಅಣ್ಣನತ್ತ ತಿರುಗಿದೆ. "ಹಾಂ, ಆ ಎಮ್ಮಿ ಸುದ್ದಿ ಹೇಳಾಕತ್ತಿದ್ದೆ ನೋಡು..."