ಆಮೆನ್‌ಗೆ ಮುಂಚೆ

ಸಂಜೆ ಪ್ರಾರ್ಥನೆ ಮುಗಿಯಿತೆಂದು ಸಾರುವ ಶಂಖ ಊದಿ ಹತ್ತು ನಿಮಿಷವಾಗಿತ್ತು. ಮಿಕಾಯೆಲೆಯ ಮನೆಯಲ್ಲಿ ಮಾತ್ರ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಚಾಪೆಯ ಮೇಲೆ ಚಕ್ಕಳಬಕ್ಕಳ ಹಾಕಿ ತಲೆ ಬಗ್ಗಿಸಿ ಕೂತಿದ್ದ ಸೊಸೆ ಸುಲಿಯೆಟಾಳ ತುಟಿ ಜುಮ್ಮೆನ್ನತೊಡಗಿತು. ಆಮೇಲೆ ಬೆನ್ನ ಮೇಲೆ ತಣ್ಣನೆ ಬೆವರು. ಆಮೇಲೆ ಬೆರಳುಗಳ ನಡುಕ. ಸೊಂಟಕ್ಕೆ ಸುತ್ತಿದ್ದ ಬಟ್ಟೆಯ ಮಡಿಕೆಯಲ್ಲಿ ಗ್ಲೂಕೋಸ್ ಬಿಲ್ಲೆಗಳ ಪೊಟ್ಟಣವಿತ್ತು. ಅದನ್ನು ಮುಟ್ಟಿ ನೋಡಿಕೊಂಡಳು. ತೆಗೆಯಲಿಲ್ಲ.

ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ನಡೆಯುವುದಿಲ್ಲ, ಮನೆಯಲ್ಲಿ ಯಾರೂ ಬಾಯಾಡಿಸುವುದಿಲ್ಲ. ಅದೂ ಚರ್ಚಿನ ಹಿರಿಯನೊಬ್ಬನ ಮನೆ. ಮನೆಗೆ ಗೋಡೆಗಳಿಲ್ಲ, ಸುತ್ತ ಕಂಬಗಳಷ್ಟೇ. ಪಕ್ಕದ ಮನೆಯಲ್ಲಿ ಊಟಕ್ಕೆ ಕೂತವರಿಗೆ ಈ ಮನೆಯ ಚಾಪೆ ಪೂರ್ತಿ ಕಾಣುತ್ತದೆ.

ಸುಲಿಯೆಟಾಳಿಗೆ ಮೂವತ್ತಾರು, ಹನ್ನೆರಡನೇ ವಯಸ್ಸಿನಿಂದ ಇನ್ಸುಲಿನ್. ಮಗು ಬೇಕಾದರೆ ಮೊದಲು ಸಕ್ಕರೆ ಹತೋಟಿಗೆ ಬರಲಿ ಎಂದಿದ್ದರು ರಾಜಧಾನಿ ಅಪಿಯಾದ ಡಾಕ್ಟರು. ಐದು ತಿಂಗಳು ಪಟ್ಟು ಹಿಡಿದು ಇಳಿಸಿದ್ದಳು. ಸರಿ, ಇನ್ನು ಪ್ರಯತ್ನ ಮಾಡಿ ಎಂದು ಡಾಕ್ಟರು ಒಪ್ಪಿಗೆ ಕೊಟ್ಟು ಆರು ವಾರವಾಗಿತ್ತು. ಆದರೆ ಹತೋಟಿ ಬಿಗಿಯಾದಷ್ಟೂ ಸಕ್ಕರೆ ಒಮ್ಮೊಮ್ಮೆ ಹೇಳದೆ ಕೇಳದೆ ಕುಸಿಯುತ್ತಿತ್ತು. ಹೋದ ಗುರುವಾರ ಇದೇ ಚಾಪೆಯ ಮೇಲೆ, ಎಲ್ಲರೂ ಆಮೆನ್ ಅನ್ನುವಾಗ, ಮಗ್ಗುಲಿಗೆ ಉರುಳಿಬಿದ್ದಿದ್ದಳು. "ಇನ್ನೊಂದು ಸಲ ಬಿದ್ರೆ ಮಗೂನೂ ಬೇಡ, ಏನೂ ಬೇಡ. ನಾನೇ ಡಾಕ್ಟರಿಗೆ ಹೇಳ್ತೀನಿ" ಅಂದಿದ್ದ ಗಂಡ ಎಸೆಕಿಯಾ. ಅವನು ಹಡಗುಕಟ್ಟೆಯ ಕೆಲಸಕ್ಕೆ ಹೋದವನು ನಾಳೆ ಬರಬೇಕು.

"ಪ್ರಭುವೇ," ಮಿಕಾಯೆಲೆಯ ದನಿ ಏರಿತು, "ಮುದುಕಿಯರ ಮಡಿಲನ್ನೂ ತುಂಬಿದವನು ನೀನು. ಇವಳಿನ್ನೂ ಹುಡುಗಿ." ಬೈಬಲ್ಲಿನಲ್ಲಿ ತಡವಾಗಿ ಹೆತ್ತ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ದೇವರಿಗೆ ಜ್ಞಾಪಿಸತೊಡಗಿದ. ಮೊಮ್ಮಗುವನ್ನು ಕೇಳಲು ಶುರುಮಾಡಿದಂದಿನಿಂದ ಅವನ ಪ್ರಾರ್ಥನೆ ದಿನಕ್ಕಿಷ್ಟು ಬೆಳೆಯುತ್ತಿತ್ತು. ಸುಲಿಯೆಟಾಳಿಗೆ ಆಗ ಹೊಳೆಯಿತು. ಊಟಕ್ಕೆ ಮುಂಚಿನ ಇನ್ಸುಲಿನ್ ಸೂಜಿಯನ್ನು ಅವಳು ಪ್ರಾರ್ಥನೆಯ ಮೊದಲ ಶಂಖಕ್ಕೇ ಚುಚ್ಚಿಕೊಳ್ಳುತ್ತಿದ್ದಳು, ಹತ್ತು ನಿಮಿಷದಲ್ಲಿ ತಟ್ಟೆ ಮುಂದೆ ಬರುತ್ತದೆಂದು. ಹೋದ ಗುರುವಾರವೂ ಹೀಗೇ ಆಗಿತ್ತು.

ಕಂಬಗಳು ಎರಡೆರಡಾಗಿ ಕಾಣತೊಡಗಿದವು. ಅವಳು ಪೊಟ್ಟಣ ಹರಿದಳು. ಆ ಸದ್ದಿಗೆ ಪ್ರಾರ್ಥನೆ ನಿಂತಿತು.

"ಅಯ್ಯೋ, ಸಕ್ಕರೆ ಕಾಯಿಲೆ ಇಟ್ಕೊಂಡು ಸಕ್ಕರೆ ಮುಕ್ತಿದಾಳೆ! ಅದೂ ದೇವರ ಮುಂದೆ!" ಎಂದಳು ಅತ್ತೆ ಫಿಲೆಮು.

"ಸಕ್ಕರೆ ಇಳಿದುಹೋಗಿದೆ ಅಮ್ಮಾ. ತಿನ್ನದಿದ್ರೆ ಬೀಳ್ತೀನಿ." ನಾಲಗೆ ತೊದಲಿತು. ನಾಲ್ಕು ಬಿಲ್ಲೆ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಅಗಿದಳು. ಬೆರಳು ಚುಚ್ಚಿ ಮೀಟರಿಗೆ ರಕ್ತ ಹಿಡಿದಳು. ಮೂರು. ಆ ಮೀಟರಿನ ಲೆಕ್ಕದಲ್ಲಿ ನಾಲ್ಕಕ್ಕಿಂತ ಕೆಳಗೆ ಇಳಿಯಬಾರದು.

ಮಿಕಾಯೆಲೆ ಕಣ್ಣು ಬಿಟ್ಟು ಅವಳನ್ನೇ ನೋಡಿದ. "ಯಾಕೆ ಇಳೀತು?"

ಹಿರಿಯರಿಗೆ ಹೇಳುವ ಮಾತಲ್ಲ ಅದು. ಆದರೆ ಹೇಳದೆ ಹೋದರೆ ನಾಳೆ ಮತ್ತೆ ಇದೇ ಸಂಜೆ. "ನಿಮ್ಮ ಪ್ರಾರ್ಥನೆ ಉದ್ದ ಆಯ್ತು, ಅಪ್ಪಾ. ಸೂಜಿ ಹಾಕ್ಕೊಂಡ ಮೇಲೆ ಕಾಲು ಗಂಟೆಯೊಳಗೆ ಉಣ್ಣಬೇಕು ನಾನು."

ಮೊದಲು ನಕ್ಕವಳು ಫಿಲೆಮು. "ನಲವತ್ತು ವರ್ಷದಿಂದ ನಾನೂ ಇದನ್ನೇ ಹೇಳ್ತಿದೀನಿ. ದೇವರೇನು ಕಿವುಡನೇ?"

"ನೀನು ಸುಮ್ನಿರು." ಮುದುಕ ಸೊಸೆಯತ್ತ ತಿರುಗಿದ. "ಕಾಲು ಗಂಟೆ ಅಂದ್ರೆ, ಹಾಡೂ ಸೇರಿ?"

"ಹಾಡೂ ಸೇರಿ."

ಅವನು ಗಲ್ಲ ಕೆರೆದುಕೊಂಡ. "ಈಗೇನು ಮಾಡಬೇಕು?"

"ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಬೇಕು. ನಾಲ್ಕು ದಾಟಿರಬೇಕು. ನೀವು ಮುಗಿಸಿ ಊಟ ಮಾಡಿ."

"ಆಮೆನ್ ಹೇಳಿಲ್ಲವಲ್ಲ ನಾನು. ಕಾಯೋಣ." ಅಷ್ಟು ಹೇಳಿ ಕಣ್ಣು ಮುಚ್ಚಿದ. ತುಟಿ ಅಲುಗಲಿಲ್ಲ.

ಫಿಲೆಮು ಸೊಸೆಯ ಬೆನ್ನಿಗೆ ಆತು ಕೂತು ಬೀಸಣಿಗೆಯಿಂದ ಗಾಳಿ ಹಾಕಿದಳು. ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆ ಮುಚ್ಚಿದ ಪಾತ್ರೆಯಲ್ಲಿ ಆರುತ್ತಿತ್ತು. ಪಕ್ಕದ ಮನೆಯಿಂದ ಯಾರೋ ಕೂಗಿದರು: "ಏನ್ರೀ, ನಿಮ್ಮನೇಲಿ ಇನ್ನೂ ಮುಗೀಲಿಲ್ವಾ?"

ಸುಲಿಯೆಟಾ ತಲೆ ತಗ್ಗಿಸಿದಳು. ಫಿಲೆಮು ಕತ್ತೆತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: "ಸೊಸೆ ತಿಂತಿದಾಳೆ! ದೇವರು ಕಾಯ್ತಿದಾನೆ!"

ಬೆವರು ಆರಿತು. ಕಂಬಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ನಿಂತವು. ಹದಿನೈದನೇ ನಿಮಿಷಕ್ಕೆ ಅವಳು ಇನ್ನೊಂದು ಬೆರಳು ಚುಚ್ಚಿದಳು. ಅತ್ತೆ ಅವಳ ಹೆಗಲ ಮೇಲಿಂದ ಇಣುಕಿದಳು. ಮಾವ ಒಂದು ಕಣ್ಣು ಬಿಟ್ಟ.

"ಎಷ್ಟು?"

"ನಾಲ್ಕು ಪಾಯಿಂಟ್ ಆರು."

"ಸಾಕಾ ಅದು?"

"ಸಾಕು, ಅಪ್ಪಾ."

ಮಿಕಾಯೆಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೈ ಜೋಡಿಸಿದ. "ಪ್ರಭುವೇ, ನಾಲ್ಕು ಪಾಯಿಂಟ್ ಆರು. ಅವಳು ಮಾಡೋದನ್ನ ಅವಳು ಮಾಡಿದ್ದಾಳೆ. ಆಮೆನ್."